ಡಬ್ಬಿಯ ಮೇಲಿನ ಲೀಟರ್ ನಂಬಿ ಕೊಳದ ಫಿಲ್ಟರ್ ಕೊಳ್ಳಬೇಡಿ

ಸಂಪಾದಕರಿಗೆ,

ಮಾನ್ಯರೇ,

ಹಿತ್ತಿಲ ಕೊಳಗಳ ಬಗ್ಗೆ ಪತ್ರಿಕೆಗಳ ಮನೆ–ತೋಟದ ಪುಟಗಳಲ್ಲಿ ಬರುವ ಬರಹಗಳು ಕಲ್ಲು ಜೋಡಿಸುವುದು, ನೈದಿಲೆ ನೆಡುವುದು, ದೀಪ ಕೂರಿಸುವುದು ಎಲ್ಲವನ್ನೂ ಬಿಡಿಸಿ ಹೇಳುತ್ತವೆ. ಕೊನೆಗೆ ‘ಒಂದು ಒಳ್ಳೆಯ ಫಿಲ್ಟರ್ ಹಾಕಿಸಿ’ ಎಂದು ಕೈತೊಳೆದುಕೊಳ್ಳುತ್ತವೆ. ಯಾವುದು ಒಳ್ಳೆಯದು, ಯಾರ ಕೊಳಕ್ಕೆ ಒಳ್ಳೆಯದು ಎಂಬ ಮಾತೇ ಇರುವುದಿಲ್ಲ. ಓದಿದವರು ಅಂಗಡಿಗೆ ಹೋಗಿ ‘10,000 ಲೀಟರ್ ಕೊಳಕ್ಕೆ’ ಎಂದು ಬರೆದ ಡಬ್ಬಿ ತರುತ್ತಾರೆ. ಎರಡೇ ತಿಂಗಳಲ್ಲಿ ನೀರು ಬಟಾಣಿ ಸಾರಿನ ಬಣ್ಣಕ್ಕೆ ತಿರುಗುತ್ತದೆ. ಈ ಕೆಲಸವನ್ನೇ ಮಾಡುವ ನಮಗೆ ಗೊತ್ತಿರುವಷ್ಟನ್ನು ಓದುಗರ ಮುಂದಿಡುತ್ತಿದ್ದೇವೆ. ಪತ್ರ ಉದ್ದವಾಗಿದೆ, ಮನ್ನಿಸಿ.

ಮೊದಲು ಆ ಡಬ್ಬಿಯ ವಿಷಯ. ಅದನ್ನು ತಿರುಗಿಸಿ ಸಣ್ಣ ಅಕ್ಷರ ಓದಿ. ಬಹುತೇಕ ತಯಾರಕರು ಬರೆಯುವ ದೊಡ್ಡ ಅಂಕಿ ಮೀನೇ ಇಲ್ಲದ ಕೊಳದ್ದು. ಮೀನಿದ್ದರೆ ಅದರ ಅರ್ಧ, ಕೋಯಿ (ಬಣ್ಣದ ಜಪಾನಿ ಕಾರ್ಪ್ ಮೀನು) ಸಾಕಿದರೆ ಕಾಲು ಭಾಗ. ಅಂದರೆ 10,000ದ ಡಬ್ಬಿ ಕೋಯಿ ಕೊಳಕ್ಕೆ 2,500 ಲೀಟರಿನದು. ಅದೂ ವರ್ಷದಲ್ಲಿ ಅರ್ಧ ಕಾಲ ಮೀನು ಮೇವನ್ನೇ ಮುಟ್ಟದ ಚಳಿ ದೇಶಗಳ ಲೆಕ್ಕ. ನಮ್ಮಲ್ಲಿ ಮೀನು ಹನ್ನೆರಡು ತಿಂಗಳೂ ತಿನ್ನುತ್ತದೆ, ಹನ್ನೆರಡು ತಿಂಗಳೂ ಹೊಲಸು ಮಾಡುತ್ತದೆ. ಫಿಲ್ಟರ್ ಎಷ್ಟು ದೊಡ್ಡದಿರಬೇಕು ಎನ್ನುವುದನ್ನು ತೀರ್ಮಾನಿಸುವುದು ನೀರಿನ ಪ್ರಮಾಣವಲ್ಲ, ದಿನಕ್ಕೆ ನೀವು ಎಷ್ಟು ಗ್ರಾಂ ಮೇವು ಹಾಕುತ್ತೀರಿ ಎನ್ನುವುದು.

ಒಂದು ಕೊಳವನ್ನೇ ತೆಗೆದುಕೊಳ್ಳೋಣ. 8 ಅಡಿ ಉದ್ದ, 5 ಅಡಿ ಅಗಲ, ಎರಡೂವರೆ ಅಡಿ ಆಳ. 100 ಘನ ಅಡಿ ಆಯಿತು. ಘನ ಅಡಿಗೆ 28.3 ಲೀಟರಿನಂತೆ 2,830 ಲೀಟರ್. ಇಳಿಜಾರು ಅಂಚು, ಕಲ್ಲು, ಕುಂಡಗಳನ್ನು ಕಳೆದರೆ ನಿಜವಾದ ನೀರು ಸುಮಾರು 2,500 ಲೀಟರ್. ಇಷ್ಟು ನೀರಿಗೆ ಎರಡು ಕೋಯಿ, ಇಲ್ಲವೇ ಹತ್ತು ಹನ್ನೆರಡು ಗೋಲ್ಡ್ ಫಿಶ್ ಸಾಕು. ಬೆರಳುದ್ದದ ಎಂಟು ಕೋಯಿ ಮರಿ ತಂದು ಬಿಟ್ಟರೆ ಇವತ್ತಿಗೆ ಚೆನ್ನಾಗಿಯೇ ಕಾಣುತ್ತದೆ. ಆದರೆ ಕೋಯಿ ಎರಡು ಅಡಿ ಬೆಳೆಯುವ ಮೀನು. ಆಮೇಲೆ ಯಾವ ಫಿಲ್ಟರೂ ಆ ತಪ್ಪನ್ನು ತಿದ್ದಲಾರದು.

ಹನ್ನೆರಡು ಗೋಲ್ಡ್ ಫಿಶ್ ದಿನಕ್ಕೆ ಹೆಚ್ಚೂಕಡಿಮೆ 30 ಗ್ರಾಂ ಮೇವು ತಿನ್ನುತ್ತವೆ. ನೂರಕ್ಕೆ 35ರಷ್ಟು ಪ್ರೋಟೀನ್ ಇರುವ ಮೇವಾದರೆ ಕಿಲೋಗೆ ಸುಮಾರು 32 ಗ್ರಾಂ ಅಮೋನಿಯಾ ಸಾರಜನಕ ನೀರಿಗೆ ಸೇರುತ್ತದೆ. 30 ಗ್ರಾಂ ಮೇವಿಗೆ ಸುಮಾರು ಒಂದು ಗ್ರಾಂ. ಇದನ್ನು ಒಂದು ಬಗೆಯ ಬ್ಯಾಕ್ಟೀರಿಯಾ ನೈಟ್ರೈಟ್ ಮಾಡುತ್ತದೆ, ಇನ್ನೊಂದು ಬಗೆ ಆ ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ಮೊದಲೆರಡೂ ಮೀನಿಗೆ ವಿಷ, ಮೂರನೆಯದು ಗಿಡಕ್ಕೆ ಗೊಬ್ಬರ. ನಮ್ಮ ಹವೆಯ ನೀರಿನಲ್ಲಿ ಒಂದು ಚದರ ಮೀಟರ್ ಮೇಲ್ಮೈಯ ಬ್ಯಾಕ್ಟೀರಿಯಾ ದಿನಕ್ಕೆ 0.3 ಗ್ರಾಂನಷ್ಟು ಅಮೋನಿಯಾವನ್ನು ಅರಗಿಸುತ್ತದೆ ಎಂದು ಕೈ ಬಿಗಿಹಿಡಿದೇ ಲೆಕ್ಕ ಹಾಕಿ. ಬೇಕಾದ ಮೇಲ್ಮೈ ಮೂರೂವರೆ ಚದರ ಮೀಟರ್. ಬ್ಯಾಕ್ಟೀರಿಯಾ ಅಂಟಿ ಬೆಳೆಯಲೆಂದೇ ಮಾಡಿದ ಚಕ್ರದಾಕಾರದ ಪ್ಲಾಸ್ಟಿಕ್ ಬಿಲ್ಲೆ, ಕೆ1 ಮೀಡಿಯಾದ ಒಂದು ಲೀಟರಿಗೆ ಅರ್ಧ ಚದರ ಮೀಟರ್ ಮೇಲ್ಮೈ ಇರುತ್ತದೆ. ಏಳು ಲೀಟರ್ ಸಾಕು, ಧಾರಾಳವಾಗಿ ಹದಿನೈದು ಹಾಕಿ. ಅಂಗಡಿಯವರು ಚೀಲಗಟ್ಟಲೆ ಮಾರುವ ಸೆರಾಮಿಕ್ ಉಂಗುರಗಳು ಈ ಗಾತ್ರದ ಕೊಳಕ್ಕೆ ಬೇಕಾಗಿಯೇ ಇಲ್ಲ.

ಹಾಗಾದರೆ ಕೊಳಗಳು ಕೆಡುವುದು ಎಲ್ಲಿ? ಗಸಿಯಲ್ಲಿ. ಮೀನಿನ ಹಿಕ್ಕೆ, ಉಳಿದ ಮೇವು, ಕೊಳೆತ ಎಲೆ ಮೀಡಿಯಾದ ಮೇಲೆ ಲೋಳೆಯಾಗಿ ಕೂತರೆ ಒಳಗಿನ ಬ್ಯಾಕ್ಟೀರಿಯಾಕ್ಕೆ ಆಮ್ಲಜನಕ ಸಿಗುವುದಿಲ್ಲ. ಅಮೋನಿಯಾ ಅರಗಿಸಬೇಕಾದ ಫಿಲ್ಟರೇ ಅಮೋನಿಯಾ ಹುಟ್ಟಿಸತೊಡಗುತ್ತದೆ. ಆದ್ದರಿಂದ ಹಣವನ್ನೂ ಜಾಗವನ್ನೂ ಮೊದಲು ಗಸಿ ಹಿಡಿಯುವುದಕ್ಕೆ ಇಡಿ, ಮೀಡಿಯಾ ಆಮೇಲೆ.

ಇದಕ್ಕೆ ಅಗ್ಗದ, ನಂಬಬಹುದಾದ ಸಾಧನ 200 ಲೀಟರಿನ ನೀಲಿ ಡ್ರಮ್. ಹಳೆಯದನ್ನು ಕೊಳ್ಳುವಾಗ ಮೊದಲು ಅದರಲ್ಲಿ ಏನಿತ್ತು ಎಂದು ವಿಚಾರಿಸಿ. ಹಣ್ಣಿನ ತಿರುಳು, ಅಡುಗೆ ಎಣ್ಣೆ ತುಂಬಿದ್ದರೆ ತೊಳೆದು ಬಳಸಬಹುದು. ಕೀಟನಾಶಕ, ಆಸಿಡ್ ತುಂಬಿದ್ದನ್ನು ಪುಕ್ಕಟೆ ಕೊಟ್ಟರೂ ಬೇಡ. ಇಂಥ ಮೂರು ಡ್ರಮ್ ಸಾಲಾಗಿ ಜೋಡಿಸಿ. ಮೊದಲ ಡ್ರಮ್ಮಿಗೆ ನೀರು ನಡುಮಟ್ಟದಲ್ಲಿ ಒಳಬರಲಿ. ಒಳಗೆ ಒಂದು ಎಲ್ಬೋ ಹಾಕಿ ಬಾಯಿಯನ್ನು ಡ್ರಮ್ಮಿನ ಗೋಡೆಯ ಗುಂಟ ತಿರುಗಿಸಿದರೆ ನೀರು ಮೆಲ್ಲಗೆ ಸುತ್ತುತ್ತದೆ, ಗಸಿ ನಡುವೆ ಕೆಳಗಿಳಿಯುತ್ತದೆ. ತಳದಲ್ಲಿ ಒಂದೂವರೆ ಇಂಚಿನ ಬಾಲ್ ವಾಲ್ವ್, ಹೊರದಾರಿ ಮೇಲ್ಭಾಗದಲ್ಲಿ. ಗಂಟೆಗೆ 1,250 ಲೀಟರ್ ಹರಿದರೆ ನೀರು ಈ ಡ್ರಮ್ಮಿನಲ್ಲಿ ಒಂಬತ್ತು ಹತ್ತು ನಿಮಿಷ ನಿಲ್ಲುತ್ತದೆ. ದಪ್ಪ ಹೊಲಸು ಕೂರಲು ಅಷ್ಟು ಸಮಯ ಸಾಕು. ಎರಡನೇ ಡ್ರಮ್ಮಿನಲ್ಲಿ ಕೆಳಗಿನಿಂದ ಮೇಲಕ್ಕೆ ಹರಿವು. ಅಲ್ಲಿ ಒರಟು ಸ್ಪಂಜು, ಇಲ್ಲವೇ ಸುರುಳಿ ಸುತ್ತಿ ಈರುಳ್ಳಿ ಚೀಲದೊಳಗೆ ತುಂಬಿದ ಹಸಿರು ನೆರಳು ಬಲೆ. ನೋಡಲು ಬಡಪಾಯಿ, ಕೆಲಸದಲ್ಲಿ ವಿದೇಶಿ ಮ್ಯಾಟಿಗೆ ಏನೂ ಕಡಿಮೆಯಿಲ್ಲ. ನುಣ್ಣನೆಯ ಸ್ಪಂಜನ್ನು ಮೊದಲ ಪದರಕ್ಕೆ ಹಾಕಬೇಡಿ, ಎರಡೇ ದಿನದಲ್ಲಿ ಕಟ್ಟಿಕೊಳ್ಳುತ್ತದೆ. ಮೂರನೆಯದರಲ್ಲಿ ಕೆ1 ಮತ್ತು ಗಾಳಿಗುಳ್ಳೆ ಬಿಡುವ ಒಂದು ಏರ್ ಸ್ಟೋನ್. ಗುಳ್ಳೆಗೆ ಮೀಡಿಯಾ ಕುದಿಯುವ ಅನ್ನದ ಹಾಗೆ ಹೊರಳುತ್ತಿರಬೇಕು. ಮೀಡಿಯಾ ಡ್ರಮ್ಮಿನ ಅರ್ಧವನ್ನು ಮೀರಿದರೆ ಹೊರಳಲು ಜಾಗವಿರುವುದಿಲ್ಲ.

ಪೈಪಿನ ಅಳತೆಯಲ್ಲಿ ಜಿಪುಣತನ ಸಲ್ಲದು. ಪಂಪಿನಿಂದ ಡ್ರಮ್ಮಿಗೆ ಒಂದೂಕಾಲು ಇಂಚು, ಡ್ರಮ್ಮಿನಿಂದ ಕೊಳಕ್ಕೆ ತಾನಾಗಿ ಇಳಿಯುವ ಪೈಪು ಎರಡು ಇಂಚು. ಇಳಿಯುವ ನೀರಿಗೆ ಹಿಂದಿನಿಂದ ತಳ್ಳುವ ಒತ್ತಡ ಇರುವುದಿಲ್ಲ. ಪೈಪು ಸಣ್ಣದಾದರೆ ಡ್ರಮ್ ತುಂಬಿ ಹೊರಚೆಲ್ಲುತ್ತದೆ. ಹಾಗೆ ಚೆಲ್ಲಿದಾಗ ಪಂಪು ಕೊಳದ ತಳದಲ್ಲಿದ್ದರೆ ರಾತ್ರಿ ಬೆಳಗಾಗುವುದರಲ್ಲಿ ಕೊಳದ ನೀರೆಲ್ಲ ತೋಟಕ್ಕೆ ಹೋಗಿ, ಮೀನು ಕೆಸರಿನಲ್ಲಿ ಬಿದ್ದಿರುತ್ತವೆ. ಪಂಪನ್ನು ತಳದಿಂದ ಒಂದಡಿ ಎತ್ತರದಲ್ಲಿ ಇಟ್ಟಿಗೆಯ ಮೇಲೆ ಕೂರಿಸಿ. ತಳದ ಗಸಿ ಸ್ವಲ್ಪ ಉಳಿದೀತು, ಮೀನೂ ಉಳಿಯುತ್ತವೆ. ಇನ್ನೊಂದು ಸಣ್ಣ ವಿಷಯ: ಕರೆಂಟು ಹೋದಾಗ ಮೊದಲ ಡ್ರಮ್ಮಿನ ನೀರು ಪಂಪಿನ ಮೂಲಕ ಹಿಂದಕ್ಕೆ ಇಳಿದು ಗಸಿಯನ್ನೂ ಎಳೆದೊಯ್ಯುತ್ತದೆ. ಒಳಬರುವ ಪೈಪಿಗೆ ಡ್ರಮ್ಮಿನ ನೀರಿನ ಮಟ್ಟಕ್ಕಿಂತ ತುಸು ಮೇಲೆ 5 ಮಿಲಿಮೀಟರ್ ತೂತು ಕೊರೆದರೆ ಗಾಳಿ ಹೊಕ್ಕು ಎಳೆತ ನಿಲ್ಲುತ್ತದೆ.

ಕೊಳ ಇನ್ನೂ ಕಟ್ಟಿಲ್ಲವೇ? ಹಾಗಿದ್ದರೆ ನೀವು ಪುಣ್ಯವಂತರು. ಕಾಂಕ್ರೀಟು ಹಾಕುವ ಮೊದಲೇ ತಳದ ಅತಿ ತಗ್ಗಿನಲ್ಲಿ ನಾಲ್ಕು ಇಂಚಿನ ಬಾಟಮ್ ಡ್ರೈನ್ ಕೂರಿಸಿ, ಡ್ರಮ್ಮುಗಳನ್ನು ಕೊಳದ ನೀರಿನ ಮಟ್ಟಕ್ಕೇ ಹೂತಿಡಿ. ಹೊಲಸು ಪಂಪಿನ ರೆಕ್ಕೆಗೆ ಸಿಕ್ಕಿ ಪುಡಿಯಾಗದೆ ಇಡಿಯಾಗಿ ಮೊದಲ ಡ್ರಮ್ಮಿಗೆ ಬರುತ್ತದೆ. ಪಂಪು ಕೊನೆಯ ಡ್ರಮ್ಮಿನ ತಿಳಿನೀರಿನಲ್ಲಿ ಇರುತ್ತದೆ. ಅಲ್ಲಿ ನೀರು ತಗ್ಗಿದರೆ ಪಂಪನ್ನು ತಾನೇ ನಿಲ್ಲಿಸುವ ಒಂದು ಫ್ಲೋಟ್ ಸ್ವಿಚ್ ಕಡ್ಡಾಯ. ಸ್ಪಂಜು ಕಟ್ಟಿಕೊಂಡರೆ ಆ ಡ್ರಮ್ ಬರಿದಾಗಿ ಪಂಪು ಸುಟ್ಟುಹೋಗುತ್ತದೆ. ಹೊಸ ಸಿಮೆಂಟಿನ ಸುಣ್ಣ ಬಿಡುವ ತನಕ ಮೀನು ಬಿಡಬೇಡಿ. ಎರಡು ಮೂರು ವಾರದಲ್ಲಿ ಮೂರು ನಾಲ್ಕು ಸಲ ನೀರು ತುಂಬಿಸಿ ಖಾಲಿ ಮಾಡಬೇಕು. ಬಾಳೆದಿಂಡು ಕೊಚ್ಚಿ ಒಂದು ವಾರ ನೆನೆಹಾಕುವ ಹಳೆಯ ರೂಢಿಯನ್ನೂ ಮಾಡಬಹುದು, ಆದರೆ ಪಿಎಚ್ (ನೀರಿನ ಹುಳಿ–ಕ್ಷಾರದ ಅಳತೆ) 8.5ಕ್ಕಿಂತ ಕೆಳಗಿಳಿದಿದೆಯೇ ಎಂದು ಅಳೆದೇ ಮುಂದುವರಿಯಿರಿ.

ಪಂಪಿನ ಲೆಕ್ಕಕ್ಕೆ ಬರೋಣ. ಗೋಲ್ಡ್ ಫಿಶ್ ಕೊಳದ ನೀರು ಎರಡು ಗಂಟೆಗೊಮ್ಮೆ, ಕೋಯಿ ಕೊಳದ ನೀರು ಗಂಟೆಗೊಮ್ಮೆ ಫಿಲ್ಟರ್ ಸುತ್ತಿ ಬರಬೇಕು. ನಮ್ಮ ಕೊಳಕ್ಕೆ ಗಂಟೆಗೆ 1,250 ಅಥವಾ 2,500 ಲೀಟರ್. ಡಬ್ಬಿಯ ಮೇಲೆ ‘3,000 ಎಲ್‌ಪಿಎಚ್ (ಗಂಟೆಗೆ ಲೀಟರ್), ಎತ್ತರ 2.5 ಮೀಟರ್’ ಎಂದಿದ್ದರೆ ಎರಡೂ ಒಟ್ಟಿಗೆ ಸಿಗುತ್ತವೆ ಎಂದಲ್ಲ. 3,000 ಸಿಗುವುದು ಎತ್ತರವೇ ಇಲ್ಲದಾಗ, 2.5 ಮೀಟರಿನಲ್ಲಿ ಸಿಗುವುದು ಸೊನ್ನೆ. ನಡುವಿನ ಎತ್ತರಕ್ಕೆ ಅರ್ಧದ ಆಸುಪಾಸು. ಅಳೆಯುವುದು ಸುಲಭ. 15 ಲೀಟರಿನ ಬಕೆಟನ್ನು ಹೊರದಾರಿಗೆ ಹಿಡಿದು ಎಷ್ಟು ಸೆಕೆಂಡಿನಲ್ಲಿ ತುಂಬಿತು ನೋಡಿ, 54,000ವನ್ನು ಅದರಿಂದ ಭಾಗಿಸಿ. 30 ಸೆಕೆಂಡಾದರೆ ಗಂಟೆಗೆ 1,800 ಲೀಟರ್. ತಿಂಗಳಿಗೊಮ್ಮೆ ಹೀಗೆ ಅಳೆದರೆ ಪೈಪು ಕಟ್ಟುತ್ತಿರುವುದೂ ಮೊದಲೇ ಗೊತ್ತಾಗುತ್ತದೆ.

ಪಂಪು ಹಗಲಿರುಳೂ ಓಡಬೇಕು. ರಾತ್ರಿ ನಿಲ್ಲಿಸಿ ಕರೆಂಟು ಉಳಿಸುವವರು ಬೆಳಗ್ಗೆ ಮೀನು ಕಳೆದುಕೊಳ್ಳುತ್ತಾರೆ. 40 ವಾಟಿನ ಪಂಪು ದಿನವಿಡೀ ಓಡಿದರೂ ಒಂದು ಯೂನಿಟ್ ಮುಟ್ಟುವುದಿಲ್ಲ, ತಿಂಗಳಿಗೆ 29. ಮನೆಯಲ್ಲಿ ಹೇಗೂ ಬಿದ್ದಿದೆ ಎಂದು ಅರ್ಧ ಎಚ್‌ಪಿ ಮಾನೋಬ್ಲಾಕ್ ಜೋಡಿಸಿದರೆ ತಿಂಗಳಿಗೆ 270 ಯೂನಿಟ್ ದಾಟುತ್ತದೆ. ಏರ್ ಕೂಲರಿನ ಪಂಪು ಅಗ್ಗ ನಿಜ, ಆದರೆ ಗಸಿ ನೀರಿನಲ್ಲಿ ದಿನವಿಡೀ ಓಡಲು ಮಾಡಿದ್ದಲ್ಲ. ಇನ್ನು ಈಜುಕೊಳದ ಮರಳು ಫಿಲ್ಟರ್. ಒತ್ತಡದ ಪಂಪು ಬೇಕು, ಮೀನಿನ ಲೋಳೆಗೆ ಮರಳು ಗಟ್ಟಿಯಾಗಿ ಹೆಪ್ಪುಗಟ್ಟುತ್ತದೆ, ನೀರನ್ನು ಹಿಮ್ಮುಖ ಹರಿಸಿ ತೊಳೆಯುವ ಬ್ಯಾಕ್‌ವಾಶಿಗೆ ನೂರಾರು ಲೀಟರ್ ನೀರು ಹೋಗುತ್ತದೆ. ಬೇಡವೇ ಬೇಡ.

ಎಲ್ಲರೂ ಮರೆಯುವುದು ತಮ್ಮ ನೀರಿನ ಗುಣವನ್ನು. ಬಯಲುಸೀಮೆಯ ಕೊಳವೆಬಾವಿ ನೀರು ಗಡಸು, ಪಿಎಚ್ ಹೆಚ್ಚು. 25 ಡಿಗ್ರಿ ನೀರಿನಲ್ಲಿ ಪಿಎಚ್ 7 ಇದ್ದಾಗ ಅಮೋನಿಯಾದ ವಿಷರೂಪ ನೂರಕ್ಕೆ ಒಂದೂ ಇರುವುದಿಲ್ಲ. ಪಿಎಚ್ 8ಕ್ಕೆ ಏರಿದರೆ ಅದು ಹತ್ತು ಪಟ್ಟಾಗಿ ಐದನ್ನು ಮೀರುತ್ತದೆ, 8.5ಕ್ಕೆ ಹದಿನೈದು. ಹಾಗಾಗಿ ಬಯಲುಸೀಮೆಯ ಕೊಳಗಳಲ್ಲಿ ಅಮೋನಿಯಾ ‘ಸ್ವಲ್ಪವೇ ಇದೆ’ ಎನ್ನುವಂತಿಲ್ಲ. ಪಾಚಿ ತುಂಬಿದ ಕೊಳದ ಪಿಎಚ್ ಮಧ್ಯಾಹ್ನದ ಬಿಸಿಲಿಗೆ ಇನ್ನೂ ಏರುವುದರಿಂದ ಅಲ್ಲಿ ಪರೀಕ್ಷೆಯನ್ನು ಮೂರು ಗಂಟೆಯ ಹೊತ್ತಿಗೆ ಮಾಡಬೇಕು.

ಕರಾವಳಿ, ಮಲೆನಾಡಿನ ಮುರಕಲ್ಲು ಬಾವಿಗಳದ್ದು ತಿರುಗಾಮುರುಗಾ ಕತೆ. ನೀರು ಮೆದು, ಹುಳಿ. ಬ್ಯಾಕ್ಟೀರಿಯಾ ಒಂದು ಗ್ರಾಂ ಅಮೋನಿಯಾ ಸಾರಜನಕವನ್ನು ಅರಗಿಸುವಾಗ ಪಿಎಚ್ ಕುಸಿಯದಂತೆ ತಡೆಯುವ ನೀರಿನ ಕ್ಷಾರತೆಯಲ್ಲಿ ಏಳು ಗ್ರಾಂ ತಿಂದುಹಾಕುತ್ತದೆ. ಲೀಟರಿಗೆ 40 ಮಿಲಿಗ್ರಾಂ ಕ್ಷಾರತೆ ಇರುವ 2,500 ಲೀಟರ್ ಕೊಳದಲ್ಲಿ ಇರುವುದೇ ಒಟ್ಟು 100 ಗ್ರಾಂ. ಎರಡು ವಾರಕ್ಕೆ ಮುಗಿಯಿತು. ಆಮೇಲೆ ಪಿಎಚ್ ದಿಢೀರನೆ ಕುಸಿಯುತ್ತದೆ, ಬ್ಯಾಕ್ಟೀರಿಯಾ ಕೆಲಸ ನಿಲ್ಲಿಸುತ್ತದೆ. ಫಿಲ್ಟರ್ ಕೆಟ್ಟಿತೆಂದು ಹೊಸದು ಕೊಳ್ಳುವವರು ಇಲ್ಲೇ ಇರುವುದು. ಮದ್ದು ಸುಲಭ. ಎರಡು ಮೂರು ಕಿಲೋ ತೊಳೆದ ಮರುವಾಯಿ ಚಿಪ್ಪನ್ನು (ಕಪ್ಪೆಚಿಪ್ಪು) ಬಲೆಚೀಲದಲ್ಲಿ ಕಟ್ಟಿ ಎರಡನೇ ಡ್ರಮ್ಮಿನಲ್ಲಿ ಇಳಿಬಿಡಿ. ಸಾಲದಿದ್ದರೆ ವಾರಕ್ಕೆ 80 ಗ್ರಾಂ ಅಡುಗೆ ಸೋಡಾವನ್ನು ಎರಡು ಮೂರು ಕಂತಿನಲ್ಲಿ ಕರಗಿಸಿ ಹಾಕಿ. ಸುಣ್ಣ ಹಾಕಬೇಡಿ, ಪಿಎಚ್ ಒಮ್ಮೆಲೇ ಜಿಗಿಯುತ್ತದೆ. ಅಡಕೆಗೆ ತಂದ ಮೈಲುತುತ್ತನ್ನು ಪಾಚಿ ಕೊಲ್ಲಲು ಹಾಕುವವರಿದ್ದಾರೆ. ಈ ಮೆದು ನೀರಿನಲ್ಲಿ ತಾಮ್ರ ಮೀನನ್ನೇ ಮೊದಲು ಕೊಲ್ಲುತ್ತದೆ.

ಪಟ್ಟಣದ ನಲ್ಲಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ಅದು ಮೀನಿನ ಕಿವಿರನ್ನೂ ಫಿಲ್ಟರಿನ ಬ್ಯಾಕ್ಟೀರಿಯಾವನ್ನೂ ಸುಡುತ್ತದೆ. ವಾರಕ್ಕೊಮ್ಮೆ ನೂರಕ್ಕೆ ಹತ್ತರಷ್ಟು, ಅಂದರೆ 250 ಲೀಟರ್ ನೀರು ಬದಲಿಸುವಾಗ ಹಿಂದಿನ ದಿನವೇ ಬಾಯಿ ತೆರೆದ ಡ್ರಮ್ಮಿನಲ್ಲಿ ತುಂಬಿ ಗಾಳಿ ಬಿಡಿ. ಅವಸರವಿದ್ದರೆ ಅಕ್ವೇರಿಯಂ ಅಂಗಡಿಯ ಹೈಪೋ ಹರಳು: ಲೀಟರಿಗೆ 1 ಮಿಲಿಗ್ರಾಂ ಕ್ಲೋರಿನ್ ಇರುವ 250 ಲೀಟರಿಗೆ ಎರಡು ಗ್ರಾಂ ಸಾಕು.

ಜಾಗ ಇದ್ದವರಿಗೆ ನಮ್ಮ ಮೊದಲ ಆಯ್ಕೆ ಗಿಡದ ಹಾಸಿಗೆ, ಬಾಗ್ ಫಿಲ್ಟರ್ ಎನ್ನುತ್ತಾರೆ. 40 ಚದರ ಅಡಿಯ ಈ ಕೊಳಕ್ಕೆ 10 ಚದರ ಅಡಿ, ಒಂದಡಿ ಆಳದ ತೊಟ್ಟಿ. ತಳದಲ್ಲಿ ಒಂದೂವರೆ ಇಂಚಿನ ಪಿವಿಸಿ ಪೈಪು, ಎರಡು ಇಂಚಿಗೊಂದು ಗರಗಸದ ಕಚ್ಚು. ಅದರ ಮೇಲೆ 12 ಎಂಎಂ ಜಲ್ಲಿ. ಕ್ರಷರ್ ಪುಡಿ ಪೂರ್ತಿ ಹೋಗುವ ತನಕ ತೊಳೆಯಿರಿ. ನೀರು ಕೆಳಗಿನಿಂದ ಉಕ್ಕಿ, ಜಲ್ಲಿ ದಾಟಿ ಕೊಳಕ್ಕೆ ಇಳಿಯುತ್ತದೆ. ಬಜೆ, ಕಾಬಾಳೆ, ಕೆಸು, ಅಂಚಿಗೆ ಒಂದೆಲಗ ನೆಡಿ. ಮಣ್ಣು, ಗೊಬ್ಬರ ಏನೂ ಬೇಡ. ನೈಟ್ರೇಟನ್ನು ಗಿಡ ಹೀರುವುದರಿಂದ ಪಾಚಿಗೆ ಊಟ ಸಿಗುವುದಿಲ್ಲ. ಚಟ್ನಿಗೆ ಒಂದೆಲಗ ಕೀಳುವುದಾದರೆ ಕೊಳಕ್ಕೆ ಯಾವ ಔಷಧಿಯನ್ನೂ ಹಾಕಿರಬಾರದು, ಕಿತ್ತದ್ದನ್ನು ಬೇಯಿಸಿಯೇ ಬಳಸಬೇಕು. ಜೊಂಡು ಮಾತ್ರ ನೆಡಬೇಡಿ, ತೊಟ್ಟಿಗೆ ಪ್ಲಾಸ್ಟಿಕ್ ಹಾಳೆ ಹಾಸಿದ್ದರೆ ಅದರ ಗೆಡ್ಡೆಯ ಮೊನೆ ಆ ಹಾಳೆಯನ್ನು ಚುಚ್ಚುತ್ತದೆ. ಬಾಗ್ ಸೋಲುವುದು ಒಂದೇ ಕಾರಣಕ್ಕೆ: ಗಸಿ ನೇರವಾಗಿ ಜಲ್ಲಿಗೆ ಹೋಗಿ ಎರಡು ವರ್ಷದಲ್ಲಿ ಕಟ್ಟಿಕೊಳ್ಳುವುದು. ಮುಂದೆ ಒಂದು ಗಸಿ ಡ್ರಮ್ ಇಡಿ. ಪೈಪಿನ ಕೊನೆಯಲ್ಲಿ ಮುಚ್ಚಳವಿರುವ ನಿಲುವು ಪೈಪು ಬಿಡಿ, ವರ್ಷಕ್ಕೊಮ್ಮೆ ಅಲ್ಲಿಂದ ನೀರು ನುಗ್ಗಿಸಿ ತೊಳೆಯಬಹುದು. ತಾರಸಿಯ ಮೇಲಾದರೆ ಹುಷಾರು, ಹತ್ತು ಘನ ಅಡಿ ಜಲ್ಲಿಯೇ ನಾನೂರು ಕಿಲೋ ದಾಟುತ್ತದೆ.

ಯುವಿ (ಅತಿನೇರಳೆ ಕಿರಣದ) ದೀಪದ ಬಗ್ಗೆ ಅಂಗಡಿಗಳಲ್ಲಿ ಹೇಳುವುದು ಅರ್ಧ ಸತ್ಯ. ನೀರಿನಲ್ಲಿ ತೇಲುವ ಹಸಿರು ಪಾಚಿಯನ್ನು ಅದು ನಿಜಕ್ಕೂ ಕೊಲ್ಲುತ್ತದೆ. ನಮ್ಮ ಕೊಳಕ್ಕೆ 9ರಿಂದ 11 ವಾಟ್ ಸಾಕು, ಇಡೀ ದಿನ ಬಿಸಿಲು ಬಿದ್ದರೆ 18. ಕಲ್ಲಿಗಂಟಿದ ನೂಲು ಪಾಚಿಗೆ ಅದು ಏನೂ ಮಾಡದು, ಅಮೋನಿಯಾಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಕನ್ನಡಿಯಂಥ ನೀರಿನಲ್ಲೂ ಮೀನು ಸಾಯುವುದು ಇದಕ್ಕೇ. ದೀಪ ಸ್ಪಂಜಿನ ನಂತರ ಇರಲಿ, ಬಗ್ಗಡ ನೀರಿನಲ್ಲಿ ಕಿರಣ ತೂರುವುದಿಲ್ಲ. ಸುಮಾರು 8,000 ಗಂಟೆಗೆ ಅದರ ಕಸುವು ಮುಗಿಯುತ್ತದೆ. ಉರಿಯುತ್ತಿದ್ದರೂ ವರ್ಷಕ್ಕೊಮ್ಮೆ ಬದಲಿಸಬೇಕು. ಗಡಸು ನೀರಿನ ಊರುಗಳಲ್ಲಿ ಗಾಜಿನ ಕೊಳವೆಗೆ ಬಿಳಿ ಪದರ ಕಟ್ಟುತ್ತದೆ. ಎರಡು ತಿಂಗಳಿಗೊಮ್ಮೆ ಲಿಂಬೆರಸದಲ್ಲಿ ಒರೆಸಿ. ಉರಿಯುವ ದೀಪವನ್ನು ಬರಿಗಣ್ಣಿನಿಂದ ನೋಡಬಾರದು.

ಪಾಚಿ ತಿನ್ನುತ್ತದೆಂದು ಮಾರುವ ಸಕ್ಕರ್ ಮೀನು ಫಿಲ್ಟರ್ ಅಲ್ಲ. ಅಡಿಯುದ್ದ ಬೆಳೆದು ಅದೇ ಹೆಚ್ಚು ಹೊಲಸು ಮಾಡುತ್ತದೆ. ಸಾಕಾಯಿತೆಂದು ಅದನ್ನು ಕೆರೆಗೆ ಬಿಡುವುದು ಇನ್ನೂ ದೊಡ್ಡ ತಪ್ಪು.

ಹೊಸ ಫಿಲ್ಟರ್ ಹದಕ್ಕೆ ಬರಲು ನಮ್ಮ ಹವೆಯಲ್ಲಿ ಸುಮಾರು ನಾಲ್ಕು ವಾರ ಬೇಕು. ಮೊದಲು ಅಮೋನಿಯಾ ಏರಿ ಇಳಿಯುತ್ತದೆ, ಆಮೇಲೆ ನೈಟ್ರೈಟ್. ಎರಡೂ ಸೊನ್ನೆಗೆ ಬರುವ ತನಕ ಎರಡು ಮೂರೇ ಮೀನು, ಚಿಟಿಕೆ ಮೇವು. ನೈಟ್ರೈಟ್ ಏರಿದಾಗ ಸಾವಿರ ಲೀಟರಿಗೆ ಒಂದು ಕಿಲೋ ಕಲ್ಲುಪ್ಪು ಕರಗಿಸಿದರೆ ಮೀನಿಗೆ ರಕ್ಷಣೆ. ಪರಿಚಯದವರ ಹಳೆಯ, ರೋಗವಿಲ್ಲದ ಕೊಳದಿಂದ ಒಂದು ಹಿಡಿ ಮೀಡಿಯಾ ತಂದು ಹಾಕುವುದು ಹೆಪ್ಪು ಹಾಕಿದ ಹಾಗೆ, ಬಾಟಲಿ ಬ್ಯಾಕ್ಟೀರಿಯಾಕ್ಕಿಂತ ನಂಬಿಕೆಯದು.

ಹೀಗೆ ಹದಕ್ಕೆ ಬಂದ ಫಿಲ್ಟರನ್ನು ಜನ ಶುಚಿ ಮಾಡಿಯೇ ಕೊಲ್ಲುತ್ತಾರೆ. ಸ್ಪಂಜನ್ನು ನಲ್ಲಿಯ ಕೆಳಗೆ ಬೆಳ್ಳಗಾಗುವ ಹಾಗೆ ತಿಕ್ಕಬಾರದು. ಕೊಳದ್ದೇ ನೀರಿನ ಬಕೆಟಿನಲ್ಲಿ ನಾಲ್ಕು ಸಲ ಹಿಂಡಿ, ಕಂದು ಬಣ್ಣ ಉಳಿಯಲಿ. ಒಂದೇ ದಿನ ಎಲ್ಲ ಡ್ರಮ್ಮನ್ನೂ ಮುಟ್ಟಬೇಡಿ. ಮೊದಲ ಡ್ರಮ್ಮಿನ ವಾಲ್ವನ್ನು ಮಾತ್ರ ಎರಡು ದಿನಕ್ಕೊಮ್ಮೆ ತಿರುಗಿಸಿ, ಹೊಂಗೆ ಹೂವು ಉದುರುವ ಬೇಸಿಗೆಯಲ್ಲಿ ದಿನವೂ. ಆ ಕಪ್ಪು ನೀರು ಬಾಳೆಗೆ, ಕರಿಬೇವಿಗೆ ಹೋಗಲಿ.

ಕರೆಂಟು ನಾಲ್ಕೈದು ಗಂಟೆ ಹೋದರೆ ಡ್ರಮ್ಮಿನೊಳಗಿನ ಬ್ಯಾಕ್ಟೀರಿಯಾ ಉಸಿರುಗಟ್ಟಿ ಸಾಯತೊಡಗುತ್ತದೆ. ಪಂಪನ್ನೋ, ಕೊನೆಪಕ್ಷ ಏರ್ ಪಂಪನ್ನೋ ಇನ್ವರ್ಟರ್ ಲೈನಿಗೆ ಕೊಡಿ. ತುಂಬ ಹೊತ್ತು ನಿಂತಿದ್ದರೆ ಮತ್ತೆ ಚಾಲೂ ಮಾಡುವ ಮೊದಲು ಡ್ರಮ್ಮಿನ ನೀರನ್ನು ಮೂಸಿ ನೋಡಿ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಅದನ್ನು ಹೊರಗೆ ಬಸಿಯಬೇಕು, ಕೊಳಕ್ಕೆ ಹೋಗಬಾರದು. ಏನೋ ಕಾರಣಕ್ಕೆ ಪಂಪು ವಾರಗಟ್ಟಲೆ ನಿಂತಿರುವಂತಾದರೆ ಡ್ರಮ್ಮುಗಳ ಬಾಯಿಗೆ ಸೊಳ್ಳೆ ಪರದೆ ಕಟ್ಟಿ. ಕೊಳದ ಮರಿಹುಳುವನ್ನು ಮೀನು ತಿನ್ನುತ್ತದೆ, ಡ್ರಮ್ಮಿನಲ್ಲಿ ತಿನ್ನುವವರಿಲ್ಲ. ಏಳೆಂಟು ದಿನದಲ್ಲಿ ಡೆಂಗಿ ಸೊಳ್ಳೆ ಅಲ್ಲಿಂದಲೇ ಹಾರುತ್ತದೆ.

ಕೊಳದ ಲೈನಿಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ (ವಿದ್ಯುತ್ ಸೋರಿದರೆ ತಾನೇ ಲೈನು ಕಡಿಯುವ ಸ್ವಿಚ್) ಇಲ್ಲದೆ ಯಾವ ಪಂಪನ್ನೂ ಹಚ್ಚಬೇಡಿ. ವೈರಿನ ಜೋಡಣೆ ನೀರೊಳಗೆ ಬೇಡ, ಟೇಪು ಎಷ್ಟು ಸುತ್ತಿದ್ದರೂ ಬೇಡ. ನೀರಿಗೆ ಕೈ ಹಾಕುವ ಮೊದಲು ಪ್ಲಗ್ಗನ್ನೇ ಕಿತ್ತಿಡಿ. ಹೊಸ ಆರ್‌ಸಿಸಿಬಿ ಪದೇ ಪದೇ ಬೀಳುತ್ತಿದ್ದರೆ ಎಲೆಕ್ಟ್ರಿಷಿಯನ್‌ಗೆ ಹೇಳಿ ಅದನ್ನು ತೆಗೆಸಬೇಡಿ, ಪಂಪನ್ನು ಬದಲಿಸಿ.

– ಕೊಳ ನಿರ್ಮಾಣ ಮತ್ತು ನಿರ್ವಹಣೆಯಲ್ಲಿ ತೊಡಗಿರುವ ಇಬ್ಬರು ಓದುಗರು, ಮೈಸೂರು